ಹೆಡ್‌ಮಾಸ್ಟರಿಗೆ ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ

ಸ್ಕೂಲ್ ಡೇಗೆ ಡ್ರಿಲ್ ಪ್ರಾಕ್ಟೀಸ್ ನಡೆಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಸುಬ್ಬಮ್ಮ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. ತಿರುಗಿ ನೋಡುವಷ್ಟರಲ್ಲಿ ಮೈದಾನದ ಮಣ್ಣಿನ ಮೇಲೆ ಬಿದ್ದಿದ್ದಳು.

ಇದು ಮಹಾರಾಜರ ಕಾಲದ ಮಾತು. ನನಗೀಗ ತೊಂಬತ್ತು ದಾಟಿದೆ, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಧುಗಿರಿಯ ಹೈಸ್ಕೂಲು. ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದಲೂ ಹುಡುಗರು ಬಂದು ಓದುತ್ತಿದ್ದ ದೊಡ್ಡ ಸ್ಕೂಲು. ಅಷ್ಟೂ ಹುಡುಗರ ನಡುವೆ ಹುಡುಗಿಯರು ಅಂದರೆ ನಾವಿಬ್ಬರೇ.

ನಮ್ಮಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಸುಬ್ಬಮ್ಮನ ಊರು ನಾಗಲಮಡಿಕೆ. ಓದಲೆಂದು ಮಧುಗಿರಿಯಲ್ಲಿ ಅಕ್ಕ ಭಾವನ ಮನೆಯಲ್ಲಿದ್ದಳು. ಮನೆಮಾತು ತೆಲುಗು, ಅದಕ್ಕೆ ಕನ್ನಡ ಕಲಸಿ ಮಾತಾಡುತ್ತಿದ್ದಳು.

ಆದರೆ ಹಾಡಲು ನಿಂತಳೆಂದರೆ… ಇಡೀ ಸ್ಕೂಲು ಗಪ್ ಚುಪ್. ಸ್ಕೂಲ್ ಡೇ ಪ್ರಾರ್ಥನೆ ಅವಳದೇ ಎಂದು ನಿಗದಿಯಾಗಿತ್ತು.

ಅವತ್ತು ಮೈದಾನದಲ್ಲಿ ಬಿದ್ದವಳು ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟಳು. ಜವಾನ ಚೊಂಬಿನಲ್ಲಿ ಕುಡಿಯಲು ನೀರು ತಂದರೆ ಬೇಡ ಎಂದು ತಲೆಯಾಡಿಸಿದಳು.

ಯಾಕೆಂದು ನನಗೊಬ್ಬಳಿಗೇ ಗೊತ್ತು.

ನಮ್ಮ ಸ್ಕೂಲಿನಲ್ಲಿ ಹುಡುಗಿಯರಿಗೆ ಕಕ್ಕಸೇ ಇರಲಿಲ್ಲ. ಹುಡುಗರು ಬೇಲಿಯಾಚೆ ಬಂಡೆಗಳ ಮರೆಗೆ ಹೋಗುತ್ತಿದ್ದರು. ನಾವೆಲ್ಲಿಗೆ ಹೋಗುವುದು?

ಅದಕ್ಕೇ ಬೆಳಿಗ್ಗೆ ಮನೆ ಬಿಟ್ಟವರು ಸಾಯಂಕಾಲ ಮನೆ ಸೇರುವವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ನಾನು ಹೇಗೋ ತಡೆದುಕೊಂಡೆ, ಅವಳ ಕೈಲಾಗಲಿಲ್ಲ.

ಡ್ರಿಲ್ ಮಾಸ್ಟರು ಹೆಡ್‌ಮಾಸ್ಟರ ಬಳಿ ಹೋಗಿ, ಹೆಣ್ಣುಮಕ್ಕಳ ಮೈ ಇದಕ್ಕೆಲ್ಲ ತಡೆಯುವುದಿಲ್ಲ, ಮನೆಯಲ್ಲೇ ಓದಿಕೊಳ್ಳಲಿ ಎಂದರಂತೆ. ಹೆಡ್‌ಮಾಸ್ಟರೂ ಹೂಂ ಅಂದುಬಿಟ್ಟರು. ಮಾರನೇ ದಿನ ಬಂದು ಕಾಣುವಂತೆ ಸುಬ್ಬಮ್ಮನ ಭಾವನಿಗೆ ಹೇಳಿಕಳಿಸಿದರು.

ಅವಳನ್ನು ಮನೆಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಅಳು.

“ಸ್ಕೂಲ್ ಬಿಡಿಸಿದ್ರೆ ಊರಿಗೆ ಕರ್ಕೊಂಡೋಗಿ ಪೆಳ್ಳಿ ಮಾಡ್ಬುಡ್ತಾರೆ ಕಣೇ. ಗಂಡು ನೋಡಿ ಇಟ್ಟವ್ರೆ.”

“ನೀರಿನ ವಿಷ್ಯ ಸಾರ್‌ಗೆ ಹೇಳ್ಬುಡಾಣ” ಅಂದೆ.

“ಅಯ್ಯೋ, ವದ್ದು, ಬ್ಯಾಡ! ಸಿಗ್ಗಾಗಲ್ವಾ? ಗಂಡಸ್ರ ಮುಂದೆ ಅದನ್ನ ಹೆಂಗೆ ಹೇಳ್ತೀಯಾ?”

ನಿಜ, ಹೇಗೆ ಹೇಳುವುದು? ಆ ಮಾತನ್ನು ನನ್ನಷ್ಟಕ್ಕೆ ನಾನೇ ಕನ್ನಡದಲ್ಲಿ ಹೇಳಿ ನೋಡಿದೆ. ಮುಖವೆಲ್ಲ ಬಿಸಿಯಾಯಿತು.

ಇಂಗ್ಲಿಷಿನಲ್ಲಿ ಹೇಳಿ ನೋಡಿದೆ… ಏನೂ ಆಗಲಿಲ್ಲ! ಗ್ರಾಮರ್ ಪುಸ್ತಕದ ವಾಕ್ಯದ ಹಾಗೆ ಸಲೀಸಾಗಿ ಬಂತು.

ಮಾರನೇ ಬೆಳಿಗ್ಗೆ ಹೆಡ್‌ಮಾಸ್ಟರ ರೂಮಿನ ಬಾಗಿಲಲ್ಲಿ ನಿಂತಿದ್ದೇನೆ. ಸುಬ್ಬಮ್ಮನ ಭಾವ ಆಗಲೇ ಬಂದು ಒಳಗೆ ಕೈಕಟ್ಟಿ ನಿಂತಿದ್ದಾರೆ. ಜರಿ ಪೇಟದ ಹೆಡ್‌ಮಾಸ್ಟರು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಾರೆ. ನಮಗೆ ಇಂಗ್ಲಿಷ್ ಹೇಳಿಕೊಡುವವರೂ ಅವರೇ.

ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಸರ್, ದೇರ್ ಈಸ್ ನೋ ಎನಿ ಲ್ಯಾಟ್ರಿನ್ ಫಾರ್ ಗರ್ಲ್ಸ್.”

“ನೋ ಲ್ಯಾಟ್ರಿನ್. ಡೋಂಟ್ ಸೇ ‘ಎನಿ’” ಎಂದರು, ತಲೆ ಎತ್ತದೆ. ಪಾಠ ಮಾಡಿ ಮಾಡಿ ಬಂದ ಅಭ್ಯಾಸ ನೋಡಿ!

ಆಮೇಲೆ ತಲೆ ಎತ್ತಿದರು. ನಿಧಾನಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆ ರೂಮಿನಲ್ಲಿ ಅವರು ನನ್ನ ಜೊತೆ ಕನ್ನಡ ಮಾತಾಡಿದ್ದು ಅದೇ ಮೊದಲು.

“ಇಷ್ಟು ದಿನ ಏನ್ ಮಾಡ್ತಿದ್ರಮ್ಮಾ?”

“ನೀರು ಕುಡೀತಿರ್ಲಿಲ್ಲ ಸಾರ್.”

ಭಾವನಿಗೆ ಇಂಗ್ಲಿಷ್ ಬಾರದು, ಆದರೆ ಈ ಮಾತು ಅರ್ಥವಾಯಿತು. ನೆಲ ನೋಡುತ್ತಾ ನಿಂತರು.

“ಹುಡುಗಿಗೆ ಕಾಯಿಲೆ ಏನೂ ಇಲ್ಲ, ತಪ್ಪು ನಮ್ಮದು. ದಯವಿಟ್ಟು ಸ್ಕೂಲ್ ಬಿಡಿಸಬೇಡಿ” ಎಂದರು ಹೆಡ್‌ಮಾಸ್ಟರು.

“ಓದ್ಲಿ ಬುಡಿ ಸಾಮಿ” ಎಂದರು ಭಾವ. ಹೊರಗೆ ಬಂದ ಮೇಲೆ ನನಗೆ ಮಾತ್ರ ಕೇಳಿಸುವಂತೆ, “ಮನೇಲಿ ಅವ್ರಕ್ಕಂಗಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ ಕಣಮ್ಮ…” ಅಂದರು.

ಅವರು ಹೋದ ಮೇಲೆ ಜಗಲಿ ಕಂಬಕ್ಕೆ ಒರಗಿ ಒಂದು ಉಸಿರು ಬಿಟ್ಟೆ ನೋಡಿ… ಅಷ್ಟುದ್ದದ ಉಸಿರು ಆಮೇಲೆ ನನ್ನ ಹೆರಿಗೆಯಲ್ಲೂ ಬಿಟ್ಟಿಲ್ಲ!

ಅವತ್ತಿನಿಂದಲೇ ಸ್ಕೂಲಿನ ಹಿಂದಿದ್ದ ಹೆಡ್‌ಮಾಸ್ಟರ ಮನೆಯ ಹಿತ್ತಿಲು ನಮಗೆ ತೆರೆಯಿತು. ಅವರ ಹೆಂಡತಿ ಒಂದು ಮಾತೂ ಕೇಳದೆ ಬಿಸಿಲಿಗೆ ಮಜ್ಜಿಗೆಯನ್ನೂ ಕೊಡುತ್ತಿದ್ದರು.

ಆಮೇಲೆ ಹೆಡ್‌ಮಾಸ್ಟರು ಸ್ಕೂಲಿನ ಮೂಲೆಯಲ್ಲೇ ನಮ್ಮ ಕಕ್ಕಸಿಗೆಂದು ಕಲ್ಲು ಚಪ್ಪಡಿ ಹಾಸಿ, ಸುತ್ತ ತೆಂಗಿನ ಗರಿಯ ತಡಿಕೆ ಕಟ್ಟಿಸಿದರು. ಬಾಗಿಲು ಮಾಡುವ ಕೆಲಸ ಮರಗೆಲಸದ ಕ್ಲಾಸಿನ ಹುಡುಗರಿಗೆ ಬಿತ್ತು. ನಮಗೆ ಮುಜುಗರವಾಗದಿರಲೆಂದು ಅವರಿಗೆ ಸ್ಟೋರ್ ರೂಮ್ ಎಂದು ಹೇಳಿದ್ದರು.

ಹುಲಿಕುಂಟೆ ಕಡೆಯ ಹುಡುಗನೊಬ್ಬ ಕೇಳಿಯೇಬಿಟ್ಟನಂತೆ, “ಸ್ಟೋರ್ ರೂಮಿಗೆ ಒಳಗಡೆ ಯಾಕ್ ಸಾರ್ ಚಿಲ್ಕ?”

“ಸುಮ್ನೆ ಮೊಳೆ ಹೊಡಿಯಲೇ” ಎಂದರಂತೆ ಮೇಷ್ಟ್ರು.

ಸ್ಕೂಲ್ ಡೇ ಬಂತು. ಸ್ಟೇಜ್ ಹತ್ತುವ ಮುಂಚೆ ಸುಬ್ಬಮ್ಮ ಚೊಂಬು ಎತ್ತಿ ಗಟಗಟ ನೀರು ಕುಡಿದಳು, ಎಲ್ಲರ ಎದುರಿಗೇ. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೋಗಿ ಹಾಡಿದಳು. ನಾನು ಕೆಳಗೆ ಕೂತು ಅಳುತ್ತಿದ್ದೇನೆ, ನಗುತ್ತಿದ್ದೇನೆ…

ಅವಳ ಮದುವೆ ಆಯಿತು, ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ.

ಮೊನ್ನೆ ನನ್ನ ಮರಿಮಗಳು ಹೈಸ್ಕೂಲಿನಿಂದ ಬಂದವಳೇ ಬ್ಯಾಗ್ ಎಸೆದು ನೇರ ಬಾತ್‌ರೂಮಿಗೆ ಓಡಿದಳು. ಅವಳ ಬ್ಯಾಗಿನಿಂದ ವಾಟರ್ ಬಾಟಲ್ ತೆಗೆದು ನೋಡಿದೆ, ಬೆಳಿಗ್ಗೆ ತುಂಬಿದ್ದು ಹಾಗೇ ಇತ್ತು.

ನಿಮ್ಮ ಮನೆಯ ಹುಡುಗಿಯ ಬಾಟಲ್ ಸಂಜೆ ಹೇಗೆ ವಾಪಸ್ ಬರುತ್ತದೆ, ಯಾವತ್ತಾದರೂ ನೋಡಿದ್ದೀರಾ?