ಗಾಳಿಯ ಜಾಡು ಹಿಡಿಯುವ ಇನ್ಸಾಫ್

ಅಮ್ಮಾನ್ ನಗರದ ಗುಡ್ಡದ ಮೇಲೆ ಮುಂಜಾವಿನ ಫಜರ್ ನಮಾಜು ಈಗಷ್ಟೇ ಮುಗಿದಿದೆ. ಕೆಲಸಕ್ಕೆ ಬಂದ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಇನ್ಸಾಫ್ ಲೋಬಾನದ ಹೊಗೆಯನ್ನು ಕಿಟಕಿಯಂಚಿಗೆ ಹಿಡಿದು ನಿಂತಿದ್ದಾಳೆ. ಹೊಗೆ ನೆಟ್ಟಗೆ ಏರಿದರೆ ಸರಿ. ಒಳಕ್ಕೆ ಬಾಗಿದರೆ ಅಲ್ಲೊಂದು ಸಂದು ಇದೆಯೆಂದೇ ಲೆಕ್ಕ. ಅಲ್ಲಿ ಸೀಮೆಸುಣ್ಣದ ಗೀಟು ಎಳೆಯುತ್ತಾಳೆ.

"ಏನೇ, ಜಿನ್ನು ಓಡಿಸ್ತಿದೀಯಾ?" ಎದುರುಮನೆಯ ಮುದುಕಿ ಇಣುಕುತ್ತಾಳೆ.

"ಜಿನ್ನಾದ್ರೆ ಓದಿ ಊದಿದ್ರೆ ಹೋಗತ್ತೆ ಅಜ್ಜಿ. ಈ ಹಾಳು ಥಂಡಿಗೆ ರಬ್ಬರ್ ಪಟ್ಟೀನೇ ಬೇಕು."

ಇನ್ಸಾಫ್‌ಗೆ ನಲವತ್ತೆಂಟು. ಗಂಡ ತೀರಿಕೊಂಡ ಮೇಲೆ ಹಾಸಿಗೆ ಹೊಲಿಯುತ್ತಿದ್ದವಳು, ಹನ್ನೊಂದು ಚಳಿಗಾಲದಿಂದ ಬೇರೆಯವರ ಮನೆ ಬೆಚ್ಚಗಾಗಿಸುತ್ತಿದ್ದಾಳೆ. ಗಂಡಸರಿಲ್ಲದ ಹೊತ್ತಿನಲ್ಲಿ ಪರಪುರುಷನನ್ನು ಒಳಗೆ ಬಿಡದ ಹೆಂಗಸರು ಇವಳನ್ನೇ ಕರೆಯುತ್ತಾರೆ. ದಿನಕ್ಕೆ ಎರಡು ಮನೆ, ಜನವರಿಯಲ್ಲಿ ಮೂರು.

ಮೊದಲ ವರ್ಷ ಒಂದು ತಪ್ಪು ಮಾಡಿದಳು. ಒಂದು ಮನೆಯ ಗೋಡೆಗೆ ಫೋಮ್ ಹಲಗೆ ಅಂಟಿಸಿಬಿಟ್ಟಳು. ಮಾಲೀಕ ಬಂದು, ಮನೆ ಬೆಚ್ಚಗಿದೆಯೆಂದು ಹೊಗಳಿ, ಮರುತಿಂಗಳೇ ಬಾಡಿಗೆ ಏರಿಸಿದ. ಆ ಸಂಸಾರ ಮನೆ ಬಿಟ್ಟಿತು. "ಅವರನ್ನ ಬೀದಿಗೆ ತಂದವಳು ನಾನೇ," ಎಂದು ಇಂದಿಗೂ ಹೇಳುತ್ತಾಳೆ. ಅಂದಿನಿಂದ ಮೊಳೆಯಿಲ್ಲ, ಅಂಟಿಲ್ಲ. ಫೋಮನ್ನು ಬಟ್ಟೆಯೊಳಗಿಟ್ಟು ಹಾಸಿಗೆಯಂತೆ ಹೊಲಿದು, ಗೋಡೆಗೆ ನಿಲ್ಲಿಸಿ, ನೆಲಕ್ಕೂ ಸೂರಿಗೂ ನಡುವೆ ಮರದ ಪಟ್ಟಿ ಒತ್ತಿ ಬಿಗಿಯುತ್ತಾಳೆ.

ಈ ಮನೆಯಾಕೆ ವಿಜ್ದಾನ್‌ಗೆ ನಾಲ್ಕು ವರ್ಷದ ಮಗಳು ತಾಲೀನ್‌ಳದೇ ಚಿಂತೆ. ಗೋಡೆ ಬೆವರಿ ಬೂಷ್ಟು ಹಿಡಿದಿದೆ, ಮಗು ರಾತ್ರಿಯಿಡೀ ಕೆಮ್ಮುತ್ತದೆ. ಗೋಡೆಗೆ ಕೈ ಹಚ್ಚಿದರೆ ಮನೆ ಖಾಲಿ ಮಾಡಿಸುತ್ತೇನೆಂದು ಮಾಲೀಕ ಅಬು ಗಾಲಿಬ್ ಹೇಳಿಟ್ಟಿದ್ದಾನೆ. ಇನ್ಸಾಫ್ ಬೂಷ್ಟು ಕೆರೆದು ಒರೆಸಿ, ಹಾಸಿಗೆ ನಿಲ್ಲಿಸಿ, ಕಿಟಕಿಯ ಸಂದುಗಳಿಗೆ ಪಟ್ಟಿ ತುರುಕುತ್ತಾಳೆ. ಗ್ಯಾಸ್ ಒಲೆಯ ಬಳಿಯ ಗಾಳಿಕಿಂಡಿ ಮಾತ್ರ ಮುಟ್ಟುವುದಿಲ್ಲ. "ಚಳಿ ಬಂದ್ರೆ ಬರ್ಲಿ, ಉಸಿರು ಮುಖ್ಯ."

ಅಷ್ಟರಲ್ಲಿ ಅಬು ಗಾಲಿಬ್ ಮೆಟ್ಟಿಲೇರಿ ಬಂದೇಬಿಟ್ಟ. "ನನ್ನ ಗೋಡೆ ಮುಟ್ಟು ಅಂತ ಯಾರೇ ಹೇಳಿದ್ದು?"

ವಿಜ್ದಾನ್ ಮಗುವನ್ನು ಅವಚಿಕೊಳ್ಳುತ್ತಾಳೆ. ಇನ್ಸಾಫ್ ಒಂದು ಹಾಸಿಗೆ ಸರಿಸಿ ತೋರಿಸುತ್ತಾಳೆ. ಅವನು ಗೋಡೆ ಸವರಿ ತೂತು ಹುಡುಕುತ್ತಾನೆ. ಒಂದೂ ಇಲ್ಲ.

"ಮನೆ ಬೆಚ್ಚಗಾಯ್ತಲ್ಲ, ಹಂಗಾದ್ರೆ ಬಾಡಿಗೇನೂ..."

"ಗೋಡೆ ನಿಮ್ದು ಅಬು ಗಾಲಿಬ್, ಬಿಸಿ ಇವಳದು. ಹೋಗುವಾಗ ಹಾಸಿಗೆ ಸುತ್ಕೊಂಡು ಹೋಗ್ತಾಳೆ. ಆಮೇಲೆ ಈ ಐಸ್ ಪೆಟ್ಟಿಗೇನ ಯಾರಿಗೆ ಕೊಡ್ತೀರೋ ಕೊಡಿ!"

ಗೊಣಗುತ್ತ ಅವನು ಇಳಿದುಹೋಗುತ್ತಾನೆ. ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎಂಬುದು ಸುಳ್ಳಲ್ಲ.

ಮರುದಿನ ಬೆಳಗ್ಗೆ ವಿಜ್ದಾನ್ ಇನ್ಸಾಫ್‌ಳ ಮನೆ ಬಾಗಿಲಲ್ಲಿ ನಿಂತಿದ್ದಾಳೆ. ಕಣ್ಣುಗಳು ಕೆಂಪಗಾಗಿವೆ. "ರಾತ್ರಿ ಕೆಮ್ಮೇ ಕೇಳಿಸ್ಲಿಲ್ಲ ಅಕ್ಕಾ. ಹೆದರಿಕೆಯಾಗಿ ಮೂರು ಸಲ ಎದ್ದು, ಮಗು ಮೂಗಿನ ಹತ್ರ ಬೆರಳಿಟ್ಟು ನೋಡ್ದೆ."

ಇನ್ಸಾಫ್ ಅವಳ ತಣ್ಣನೆಯ ಕೈ ಹಿಡಿದುಕೊಳ್ಳುತ್ತಾಳೆ. "ಇವತ್ತು ನೀನೂ ನಿದ್ದೆ ಮಾಡೇ ತಾಯಿ."