ಫೋತಿನಿಯ ಬೆನ್ನು ತಿಕ್ಕಿದ ದಿನ

ಇಸ್ತಾಂಬುಲ್‌ನ ಕುರ್ತುಲುಷ್ ಬಡಾವಣೆಯ ಹೆಂಗಸರಿಗೆಲ್ಲ ನೆಜಿಹೆಯ ಕೈ ಗೊತ್ತಿತ್ತು. ಅವರಲ್ಲಿ ಅರ್ಧ ಜನರನ್ನು ಮದುವೆಯ ಮುಂಚೆ ಹಮಾಮಿನಲ್ಲಿ, ಅಂದರೆ ಬಡಾವಣೆಯ ಬಿಸಿನೀರಿನ ಸ್ನಾನಗೃಹದಲ್ಲಿ, ಮೀಯಿಸಿದವಳು ಅವಳೇ, ಬಾಣಂತನ ಮುಗಿಸಿ ಬಂದಾಗ ಮತ್ತೆ ಮೀಯಿಸಿದವಳೂ ಅವಳೇ. ಅವಳ ತಾಯಿಯೂ ಅದೇ ಹಮಾಮಿನಲ್ಲಿ ಕೆಲಸ ಮಾಡಿದ್ದಳು. ಕೈಗೆ ಒರಟು ಬಟ್ಟೆಯ ಚೀಲ ತೊಟ್ಟು ಬೆನ್ನು ತಿಕ್ಕಲು ಕೂತಳೆಂದರೆ, ಆ ಬೆನ್ನಿನವಳು ಗಂಡನ ಮೇಲಿನ ದೂರನ್ನೂ ಅತ್ತೆಯ ಕಾಟವನ್ನೂ ತಾನಾಗಿಯೇ ಬಿಚ್ಚಿಡುತ್ತಿದ್ದಳು. ನೆಜಿಹೆ ಕೇಳಿಸಿಕೊಳ್ಳುತ್ತಿದ್ದಳು, ನೀರು ಸುರಿಯುತ್ತಿದ್ದಳು, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ.

ಇಷ್ಟು ಮದುವಣಗಿತ್ತಿಯರನ್ನು ಮೀಯಿಸಿದವಳಿಗೆ ಮದುವೆಯಾಗಿರಲಿಲ್ಲ. ಹಮಾಮಿನ ಒಡತಿ ಬೆದ್ರಿಯೆ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು ಚಹಾ ಹೀರುತ್ತ ಆಗಾಗ ಕೆಣಕುವುದಿತ್ತು.

"ನಿನ್ನ ಗಂಡು ಹಡಗಲ್ಲಿ ಬರ್ತಿದಾನೇನೆ, ನೆಜಿಹೆ? ಬಲು ನಿಧಾನದ ಹಡಗು ಕಣೆ ಅದು."

"ಬರೋ ದಾರೀಲಿ ನಿಮ್ಮಂಥೋರು ಯಾರೋ ಹತ್ಕೊಂಡಿರ್ಬೇಕು, ಭಾರಕ್ಕೆ ಮುಂದಕ್ಕೇ ಹೋಗ್ತಿಲ್ಲ," ಅನ್ನುತ್ತಿದ್ದಳು ನೆಜಿಹೆ. ಬೆದ್ರಿಯೆಯ ದಪ್ಪ ಮೈ ನಗುವಿಗೆ ಕುಲುಕುತ್ತಿತ್ತು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಗಂಡು ಒಬ್ಬನಿದ್ದ. ಅವನ ಹೆಸರು ಸ್ಟೆಲ್ಯೊ. ಆಗ ಆ ಬೀದಿಯಲ್ಲಿ 'ರುಮ್' ಎಂದು ಕರೆಯುವ ಜನರೇ ಹೆಚ್ಚು. ಗ್ರೀಕ್ ಮಾತಾಡುವ ಆ ಕ್ರೈಸ್ತರು ತಲೆತಲಾಂತರದಿಂದ ಇಸ್ತಾಂಬುಲ್‌ನವರು. ಸ್ಟೆಲ್ಯೊನ ತಂದೆಗೆ ಮೂಲೆಯಲ್ಲೊಂದು ಚಪ್ಪಲಿ ಅಂಗಡಿ. ಹಮಾಮಿನ ಮರದ ಪಾದುಕೆಗಳ ಪಟ್ಟಿ ಕಿತ್ತರೆ ನೆಜಿಹೆಯೇ ಅಲ್ಲಿಗೆ ಒಯ್ಯುತ್ತಿದ್ದಳು. ಒಂದು ದಿನ ಸ್ಟೆಲ್ಯೊ, "ಬರೀ ಊರವರ ಪಾದುಕೇನೇ ತರ್ತೀಯಲ್ಲ, ನಿನ್ನ ಕಾಲಿಗೇನೂ ಬೇಡ್ವಾ?" ಎಂದು ಅವಳ ಪಾದವನ್ನು ಮೊಣಕಾಲ ಮೇಲೆ ಇರಿಸಿಕೊಂಡು, ಅಳತೆಪಟ್ಟಿ ಪಕ್ಕದಲ್ಲೇ ಇದ್ದರೂ ಗೇಣಿನಲ್ಲಿ ಅಳೆದಿದ್ದ. ಆಮೇಲೆ ಎರಡು ಬೇಸಿಗೆಗಳ ಭಾನುವಾರಗಳಲ್ಲಿ ಊರಿನೆದುರಿನ ದ್ವೀಪಕ್ಕೆ ಹೋಗುವ ದೋಣಿ ಹತ್ತಿ, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಬೇರೆ ಬೇರೆ ಬೆಂಚಿನಲ್ಲಿ ಕೂತು ಹೋಗಿ, ಅಲ್ಲಿಳಿದ ಮೇಲೆ ಜೊತೆಗೆ ನಡೆದಿದ್ದರು.

ಅರವತ್ನಾಲ್ಕರಲ್ಲಿ, ಸೈಪ್ರಸ್ ದ್ವೀಪಕ್ಕಾಗಿ ತುರ್ಕರಿಗೂ ಗ್ರೀಕರಿಗೂ ಎದ್ದ ಜಗಳ ಊರಿನೊಳಕ್ಕೆ ಬಂತು. ಗ್ರೀಸ್ ದೇಶದ ಪೌರತ್ವವಿದ್ದವರೆಲ್ಲ ಜಾಗ ಖಾಲಿ ಮಾಡಬೇಕೆಂದು ಸರ್ಕಾರದ ಆಜ್ಞೆಯಾಯಿತು. ಸ್ಟೆಲ್ಯೊನ ಅಜ್ಜ ಯಾವ ಕಾಲದಲ್ಲೋ ಮಾಡಿಸಿದ ಕಾಗದ ಆ ಮನೆಯವರನ್ನೆಲ್ಲ ಗ್ರೀಕರನ್ನಾಗಿ ಮಾಡಿತ್ತು. ಆ ದೇಶವನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಒಬ್ಬೊಬ್ಬರು ಒಂದೊಂದು ಪೆಟ್ಟಿಗೆ ಹಿಡಿದು ಸಿರ್ಕೆಜಿ ನಿಲ್ದಾಣಕ್ಕೆ ಹೋದರು. ನೆಜಿಹೆಯೂ ಹೋದಳು. ಅವನ ತಾಯಿ ಪಕ್ಕದಲ್ಲೇ ಇದ್ದುದರಿಂದ ಮಾತಾಡಲಾಗಲಿಲ್ಲ. ರೈಲು ಕದಲುವಾಗ ಸ್ಟೆಲ್ಯೊ ಕಿಟಕಿಯಿಂದ ಬಗ್ಗಿ, "ಇದೆಲ್ಲ ತಣ್ಣಗಾದ ಮೇಲೆ ಬರ್ತೀನಿ," ಎಂದ. ತಣ್ಣಗಾಗಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟರಲ್ಲಿ ಆ ಚಪ್ಪಲಿ ಅಂಗಡಿಯಲ್ಲಿ ಯಾರೋ ಟೀವಿ ಮಾರುತ್ತಿದ್ದರು, ನೆಜಿಹೆಯ ಕೂದಲು ಹಣ್ಣಾಗಿತ್ತು. ತಮ್ಮ ರುಷ್ತುವಿನ ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಗೆ ಹೋಗಿ, ಅವನ ಮಗಳನ್ನು ಅವಳೇ ಸಾಕುತ್ತಿದ್ದಳು.

ತೊಂಬತ್ತಾರರ ವಸಂತದಲ್ಲಿ, ಗಿರಾಕಿಗಳು ಕಡಿಮೆ ಇದ್ದ ಒಂದು ಮಧ್ಯಾಹ್ನ, ಹೊಸ ಹೆಂಗಸೊಬ್ಬಳು ಹಮಾಮಿಗೆ ಬಂದಳು. ವಯಸ್ಸು ಐವತ್ತು ದಾಟಿತ್ತು, ಮೈತುಂಬ ಕಪ್ಪು ಬಟ್ಟೆ, ಕತ್ತಿನಲ್ಲಿ ಪ್ರವಾಸದ ಕಂಪನಿಯವರು ಕೊಟ್ಟ ಹಳದಿ ಚೀಟಿ. ಬೆದ್ರಿಯೆ ಕೈಸನ್ನೆಯಲ್ಲಿ ಬೆಲೆ ವಿವರಿಸತೊಡಗಿದಾಗ ಆಕೆ ಅಚ್ಚ ಇಸ್ತಾಂಬುಲ್ ಮಾತಿನಲ್ಲಿ, "ಕೈ ಯಾಕೆ ನೋಯಿಸ್ಕೊಳ್ತೀರಿ ತಾಯಿ, ನಾನು ಇದೇ ಊರಿನ ಸಮಾತ್ಯದಲ್ಲಿ ಹುಟ್ಟಿದೋಳು," ಎಂದಳು.

ಆಕೆ ಫೋತಿನಿ. ಬಿಸಿ ಅಮೃತಶಿಲೆಯ ಕಟ್ಟೆಯ ಮೇಲೆ ಮೈಚಾಚಿ ಮಲಗಿದ ಮೇಲೆ ಅವಳ ಬಾಯಿ ನಿಲ್ಲಲಿಲ್ಲ.

"ಅಥೆನ್ಸಿಂದ ನಾಲ್ಕು ದಿನದ ಪ್ರವಾಸ ಅಕ್ಕ. ತುರ್ಕಿ ಸಂಸ್ಕೃತಿಯ ಅನುಭವ ಅಂತ ಬರೆದಿದ್ರು. ನಿನ್ನೆ ರಾತ್ರಿ ಹೊಟ್ಟೆ ಕುಣಿಸೋಳ ಕುಣಿತ ತೋರಿಸಿದ್ರು. ಇವತ್ತು ಬೆಳಿಗ್ಗೆ ಆ ಹುಡುಗ, ನಮ್ಮ ಗೈಡು, ಸಿಮಿತ್ ಕೈಗೆ ಕೊಟ್ಟು, ಇದು ಎಳ್ಳು ಹಚ್ಚಿದ ರೊಟ್ಟಿ, ಹೀಗೆ ಮುರ್ಕೊಂಡು ತಿನ್ಬೇಕು ಅಂತ ನಂಗೇ ಹೇಳ್ಕೊಟ್ಟ."

"ನೀವೇನಂದ್ರಿ?"

"ಹೌದಾಪ್ಪ, ಬಲು ರುಚಿಯಾಗಿದೆ ಅಂದೆ. ಪಾಪ, ಅವನು ಹುಟ್ಟೋ ಮುಂಚೆ ನಮ್ಮನ್ನ ಓಡ್ಸಿದ್ದು. ಈಗ ಎಲ್ರನ್ನೂ ಅದ್ಯಾವುದೋ ದೊಡ್ಡ ಹಮಾಮಿಗೆ ಕರ್ಕೊಂಡು ಹೋಗಿದಾನೆ. ನಾನು ತಪ್ಪಿಸ್ಕೊಂಡು ಇಲ್ಲಿಗೆ ಬಂದೆ. ನಮ್ಮ ಯಜಮಾನ್ರು ಈ ಬೀದಿಯೋರು. ಇವರ ಅಪ್ಪಂಗೆ ಮೂಲೇಲಿ ಚಪ್ಪಲಿ ಅಂಗಡಿ ಇತ್ತು. ಸ್ಟೆಲ್ಯೊ ಅಂತ. ನಿಮಗೆ ನೆನಪಿರ್ಬಹುದಾ?"

ನೆಜಿಹೆ ತಿಕ್ಕುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ಅಂಗಡಿ ನೆನಪಿದೆ," ಎಂದಳು. "ಅವರು ಬಂದಿಲ್ವಾ?"

"ಹೋದ ಚಳಿಗಾಲದಲ್ಲಿ ಹೋಗ್ಬಿಟ್ರು ಅಕ್ಕ. ಶ್ವಾಸಕೋಶ. ಅದ್ಕೇ ಈ ಕಪ್ಪು ಬಟ್ಟೆ."

ನೆಜಿಹೆ ಎದ್ದು ಕಲ್ಲಿನ ತೊಟ್ಟಿಗೆ ಹೋಗಿ, ತಾಮ್ರದ ಬೋಗುಣಿಯಲ್ಲಿ ನೀರು ತುಂಬಿ ತನ್ನ ಮುಖಕ್ಕೇ ಸುರಿದುಕೊಂಡಳು. ಹಮಾಮಿನಲ್ಲಿ ಯಾರ ಮುಖ ಒದ್ದೆಯಾಗಿದ್ದರೂ ಯಾರೂ ಕೇಳುವುದಿಲ್ಲ. ಮರಳಿ ಬಂದು, "ತಿರುಗಿ ಮಲಗಿ," ಎಂದಳು. ಸೋಪಿನ ನೊರೆ ಹರಡಿ ಬೆನ್ನು ನೀವತೊಡಗಿದಳು. ಬೆನ್ನಿನ ಎಡಗಡೆ ಒಂದು ಮಚ್ಚೆಯಿತ್ತು. ಅವನು ಇದನ್ನು ಎಷ್ಟು ಸಲ ನೋಡಿರಬೇಕು ಎಂಬ ಯೋಚನೆ ಬಂತು, ತಳ್ಳಿದರೂ ಹೋಗಲಿಲ್ಲ.

"ಅವರು ಒಂದ್ಸಲ ಬಂದಿದ್ರು," ಎಂದಳು ಫೋತಿನಿ, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡೇ. "ನಮ್ಮೋರಿಗೆ ಮತ್ತೆ ಬರೋಕೆ ಬಿಟ್ಟ ಹೊಸತು. ಎಂಬತ್ತೊಂಬತ್ತು ಇರ್ಬೇಕು, ದ್ರಾಕ್ಷಿ ಕೊಯ್ಯೋ ಕಾಲ. ಒಂದು ವಾರ ಇದ್ದು ಬರ್ತೀನಿ ಅಂತ ಹೋದೋರು ಮೂರನೇ ದಿನಕ್ಕೇ ಬಾಗಿಲು ಬಡಿದ್ರು."

"ಯಾಕಂತೆ?"

"ಹಿಂದೆ ಒಬ್ಬಳು ಹುಡುಗಿ ಇದ್ಲಂತೆ ಇಲ್ಲಿ, ನಿಮ್ಮ ಜನದೋಳು, ಮುಸ್ಲಿಂ. ಮದುವೆಗೆ ಮುಂಚೇನೇ ನಂಗೆ ಹೇಳಿದ್ರು. ಹೆಸರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಹೇಗಿದಾಳೆ ಅಂತ ಒಂದು ಸಲ ನೋಡ್ಬೇಕು, ಮಾತಾಡಿಸ್ಬೇಕು ಅಂತ ಆಸೆ ಅವರಿಗೆ. ಭಾನುವಾರದ ಸಂತೇಲಿ ಕಂಡ್ಳಂತೆ. ಪಕ್ಕದಲ್ಲಿ ಒಬ್ಬ ಗಂಡಸು ಚೀಲ ಹಿಡ್ಕೊಂಡಿದ್ನಂತೆ, ಪುಟ್ಟ ಹುಡುಗಿ ಇವಳ ಕೈ ಹಿಡ್ಕೊಂಡಿತ್ತಂತೆ, ಏನೋ ಮಾತಿಗೆ ಮೂರೂ ಜನ ನಗ್ತಿದ್ರಂತೆ. ಸಂಸಾರ ಕಟ್ಕೊಂಡಿದಾಳೆ, ಚೆನ್ನಾಗಿದಾಳೆ, ನಾನ್ಯಾಕೆ ಮಧ್ಯೆ ಹೋಗ್ಲಿ ಅಂತ ಹಾಗೇ ತಿರುಗಿ ಬಂದ್ಬಿಟ್ರು. ಆಮೇಲೆ ಈ ಊರಿನ ಸುದ್ದೀನೇ ಎತ್ಲಿಲ್ಲ."

ಆ ಗಂಡಸು ರುಷ್ತು, ಆ ಮಗು ರುಷ್ತುವಿನ ಮಗಳು.

"ಆಗ ನಂಗೆ ಹೊಟ್ಟೆಕಿಚ್ಚು," ಎಂದಳು ಫೋತಿನಿ. "ಸದ್ಯ, ಮಾತಾಡಿಸ್ದೆ ಬಂದ್ರಲ್ಲ ಅನ್ನಿಸ್ತು. ಈಗ ಅವರಿಲ್ಲ, ನಂಗೇ ಬೇಜಾರಾಗುತ್ತೆ. ಮಾತಾಡಿಸಿ ಬಂದಿದ್ರೆ ಏನಾಗ್ತಿತ್ತು? ಎರಡು ಮಾತು. ಅಷ್ಟೇ ತಾನೆ." ಕತ್ತು ಹೊರಳಿಸಿ, "ನಿಮಗೆಷ್ಟು ಮಕ್ಕಳು ಅಕ್ಕ?" ಎಂದು ಕೇಳಿದಳು.

ಮದುವೆಯೇ ಆಗಿಲ್ಲವೆಂದು ಬಾಯಿಗೆ ಬಂದದ್ದನ್ನು ಹೇಳಿದ್ದರೆ ಆ ಕ್ಷಣವೇ ಎಲ್ಲ ಹೊರಬೀಳುತ್ತಿತ್ತು. ಕೈಯ ಕೆಳಗೆ ಒಬ್ಬ ವಿಧವೆಯ ಬೆನ್ನಿತ್ತು. ಗಂಡ ಅಂದುಕೊಂಡದ್ದು ನಿಜವಲ್ಲವೆಂದು ತಿಳಿದರೆ, ಅವನು ಮಾತಾಡಿಸಿದ್ದರೆ ಏನಾಗುತ್ತಿತ್ತೆಂದು ಉಳಿದ ರಾತ್ರಿಗಳೆಲ್ಲ ಆಕೆಗೂ ಅದೇ ಯೋಚನೆಯಾಗುತ್ತದೆ.

"ಒಬ್ಬಳು ಹುಡುಗಿ ಇದಾಳೆ," ಎಂದಳು ನೆಜಿಹೆ.

"ದೇವರು ಚೆನ್ನಾಗಿಟ್ಟಿರ್ಲಿ."

ನೆಜಿಹೆ ಅವಳ ತಲೆಯನ್ನು ಮಗುವಿನ ತಲೆಯ ಹಾಗೆ ಮಡಿಲಿನಲ್ಲಿ ಇರಿಸಿಕೊಂಡು ತೊಳೆದಳು. ಹೊರಗಿನ ಕೋಣೆಯಲ್ಲಿ ಟವೆಲು ಸುತ್ತಿ ಕೂರಿಸಿ ಕಿತ್ತಳೆ ಸುಲಿದು ಕೊಟ್ಟಳು. ಹೊರಡುವಾಗ ಫೋತಿನಿ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, "ಈ ಪ್ರವಾಸದಲ್ಲಿ ಮನಸ್ಸಿಗೆ ಹಿಡಿಸಿದ್ದು ಇದೊಂದೇ," ಎಂದಳು.

ಆ ಸಂಜೆ ಸೂಪು ಬಡಿಸುತ್ತ ನೆಜಿಹೆ ತಮ್ಮನನ್ನು ಕೇಳಿದಳು. "ಮಗು ಚಿಕ್ಕೋಳಿದ್ದಾಗ, ದ್ರಾಕ್ಷಿ ಕಾಲದಲ್ಲಿ ಒಂದು ಭಾನುವಾರ ಸಂತೇಲಿ ಬಲು ನಕ್ಕಿದ್ವಲ್ಲ. ಯಾತಕ್ಕೆ ಅಂತ ನೆನಪಿದೆಯಾ?"

"ಯಾವ ಭಾನುವಾರ ಅಕ್ಕ? ನಾವು ಎಲ್ಲಾ ಭಾನುವಾರಾನೂ ಹೋಗ್ತಿದ್ವಿ."

"ಯಾರಾದ್ರೂ ನಮ್ಮನ್ನ ನೋಡ್ತಾ ನಿಂತಿದ್ರಾ?"

ರುಷ್ತು ಚಮಚ ಕೆಳಗಿಟ್ಟು ಅಕ್ಕನ ಮುಖ ನೋಡಿದ. "ಆ ನೂಕುನುಗ್ಗಲಲ್ಲಿ ಯಾರು ಯಾರನ್ನ ನೋಡ್ತಾರೆ? ಹುಷಾರಾಗಿದ್ದೀಯ ತಾನೆ?"

ಅವಳಿಗೂ ನೆನಪಾಗಲಿಲ್ಲ. ಹಾಸಿಗೆಯಲ್ಲಿ ಮಲಗಿ ಆ ಸಂತೆಗಳನ್ನೆಲ್ಲ ಒಂದೊಂದಾಗಿ ಹುಡುಕಿದಳು. ಟೊಮೆಟೊ ರಾಶಿ, ಮೀನಿನವನ ಕೂಗು, ಮಗುವಿನ ಬೆವೆತ ಅಂಗೈ, ಎಲ್ಲ ಸಿಕ್ಕವು. ಯಾವುದೋ ಅಂಗಡಿಯ ಮರೆಯಲ್ಲಿ ಅವನು ನಿಂತಿದ್ದ ಆ ಒಂದು ದಿನ ಮಾತ್ರ ಬೇರೆಯಾಗಿ ಸಿಗಲಿಲ್ಲ. ಅದು ಅವಳಿಗೆ ಎಲ್ಲ ದಿನಗಳ ಹಾಗೆ ಒಂದು ದಿನವಾಗಿತ್ತು.

ವಾರ ಕಳೆದ ಮೇಲೆ ಅವಳು ತಲೆಗೆ ವಸ್ತ್ರ ಸುತ್ತಿಕೊಂಡು ಬಡಾವಣೆಯ ಹಳೆಯ ಚರ್ಚಿಗೆ ಹೋದಳು. ಹರಕೆ ಹೊತ್ತ ಮುಸ್ಲಿಂ ಹೆಂಗಸರು ಅಲ್ಲಿಗೆ ಬರುವುದು ಹೊಸದೇನಲ್ಲ. ಕಾವಲಿನ ಮುದುಕ ಒಂದು ತೆಳ್ಳನೆಯ ಮೇಣದ ಬತ್ತಿ ಕೊಟ್ಟ.

"ಹರಕೆಗಾ ತಾಯಿ, ಇಲ್ಲ ತೀರ್ಕೊಂಡೋರಿಗಾ?"

"ತೀರ್ಕೊಂಡೋರಿಗೆ."

"ನಿಮಗೇನಾಗ್ಬೇಕು ಅವರು?"

ನೆಜಿಹೆ ಉರಿಯುತ್ತಿದ್ದ ಬತ್ತಿಯೊಂದರಿಂದ ತನ್ನದನ್ನು ಹಚ್ಚಿಕೊಂಡಳು.

"ನಮ್ಮ ಬೀದಿಯೋರು," ಎಂದಳು, ಬತ್ತಿಯನ್ನು ತಟ್ಟೆಯಲ್ಲಿದ್ದ ಮರಳಿಗೆ ಚುಚ್ಚಿದಳು.