ಪುಟ್ಟನ ಬಾಯಲ್ಲಿ ಅವಳ ದನಿ

ನನ್ನ ತಮ್ಮ ಕ್ಷೌರದ ಅಂಗಡಿಯವನು. ಬೀದಿಯವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುವುದು; ಕೈಗಿಂತ ಅವನ ಬಾಯಿಯೇ ಚುರುಕು, ಅದಕ್ಕೆ. ಹೆಂಡತಿ ಜ್ವರದಲ್ಲಿ ಹೋದ ಮೇಲೆ ಆ ಮಾತೆಲ್ಲ ಬಿದ್ದುಹೋಯಿತು. ಉಳಿದವನು ಮಗ ಪುಟ್ಟ. ಆಟಿಸಂ ಎಂದು ಡಾಕ್ಟರು ಹೇಳಿದ್ದ ಹುಡುಗ, ಅಮ್ಮನನ್ನು ಬಿಟ್ಟು ಯಾರ ಕೈಗೂ ಸಿಕ್ಕವನಲ್ಲ. ಸ್ವಂತ ಮಾತು ಬಾರದು, ಕೇಳಿದ್ದನ್ನು ಹಾಗೇ ಒಪ್ಪಿಸುತ್ತಾನೆ. ಎಳೆತ, ಉಸಿರು ಎಲ್ಲ ಸಮೇತ.

ಅವಳು ಹೋಗಿ ವಾರವಾಗಿತ್ತು. ಸಂಜೆ ಲೈಟು ಹಾಕುವ ಹೊತ್ತಿಗೆ ಅಂಗಡಿಯ ಹಿಂದಿನ ಕೋಣೆಯಿಂದ ಕೇಳಿಸಿತು: "ರೀ, ಬಾಗ್ಲು ಹಾಕ್ಕೊಂಡು ಬನ್ನಿ." ಅವಳದೇ ದನಿ! ಇಣುಕಿದರೆ ಪುಟ್ಟ ಗೋಡೆ ನೋಡುತ್ತಾ ನಿಂತಿದ್ದಾನೆ. ತಮ್ಮ ಮೊದಲು ಹೆದರಿದ. ಆಮೇಲೆ, ದೇವರೇ, ಅವನಿಗೆ ಅದರ ರುಚಿ ಹತ್ತಿತು. ಹಗಲಲ್ಲೇ ಶಟರ್ ಎಳೆದು, ಮಗನನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ತಾನು ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಹೇಳೇ" ಎನ್ನುವನು. ಹೇಳೋ ಅಲ್ಲ, ಹೇಳೇ!

"ಅವನು ನಿನ್ನ ಮಗ ಕಣೋ, ರೇಡಿಯೋ ಅಲ್ಲ" ಎಂದು ಬಾಯಿಗೆ ಬಂದ ಹಾಗೆ ಬೈದೆ.

"ಸುಮ್ನಿರಕ್ಕ, ಅವಳು ಮಾತಾಡ್ತಾಳೆ" ಎಂದ. ಹುಡುಗ ಒಣಗಿ ಕಡ್ಡಿಯಾಗುತ್ತಿದ್ದ. ಹೀಗೇ ಬಿಟ್ಟರೆ ಇವನೂ ಕೈತಪ್ಪುತ್ತಾನೆ ಎಂದು ನನಗೆ ದಿಗಿಲು ಹತ್ತಿತು.

ಒಂದು ಮಧ್ಯಾಹ್ನ ಶಟರ್ ಎತ್ತಿ ಒಳಗೆ ನುಗ್ಗಿದೆ. ಕತ್ತಲೆ, ಸೋಪಿನ ವಾಸನೆ. ಕನ್ನಡಿಯಲ್ಲಿ ಪುಟ್ಟನ ತುಟಿ ಆಡುತ್ತಿದೆ, ಅವಳ ದನಿ ಬರುತ್ತಿದೆ: "ಭಯ ಆಗ್ತಿದ್ಯಾ ಪುಟ್ಟ? ಬಾ, ಅಮ್ಮ ಇದೀನಿ." ಅವಳು ಟವೆಲು ಹಿಡಿದು ನಿಲ್ಲುತ್ತಿದ್ದ ಖಾಲಿ ಮೂಲೆಯತ್ತ ತಮ್ಮ ಕಣ್ಣು ಮುಚ್ಚಿಕೊಂಡೇ ಕೈಚಾಚಿ, "ಎಲ್ಲಿದೀಯೇ? ಹತ್ರ ಬಾ" ಎನ್ನುತ್ತಿದ್ದ. ಪುಟ್ಟನ ದನಿ ಏರಿತು. "ಭಯ ಆಗ್ತಿದ್ಯಾ ಪುಟ್ಟ? ಭಯ ಆಗ್ತಿದ್ಯಾ ಪುಟ್ಟ?" ಅದೇ ಅಕ್ಕರೆ, ಅದೇ ನಗು. ಆದರೆ ಹುಡುಗ ತಲೆಯನ್ನು ಕುರ್ಚಿಗೆ ಚಚ್ಚಿಕೊಳ್ಳುತ್ತಿದ್ದ. ಚಡ್ಡಿ ಒದ್ದೆಯಾಗಿತ್ತು.

"ಲೋ ಕುರುಡ!" ಎಂದು ಕೂಗಿದೆ. "ಬಾಯಾರಿಕೆ ಆದ್ರೆ ಅವನು 'ನೀರು ಬೇಕಾ ಪುಟ್ಟ' ಅಂತಾನಲ್ಲ, ಅವಳು ಕೇಳ್ತಿದ್ದ ಹಾಗೇ? ಈಗ ಏನಂತಿದಾನೆ ಕೇಳಿಸ್ಕೋ! ಇದು ಅವಳ ಮಾತಲ್ಲ, ಅವನದು. ಭಯ ಆಗ್ತಿರೋದು ಅವನಿಗೆ. ನಿನ್ನ ನೋಡೇ ಭಯ ಆಗ್ತಿದೆ!"

ತಮ್ಮ ಕಣ್ಣು ತೆರೆದ. ಆ ಮೂಲೆಯನ್ನೇ ನೋಡಿದ, ತುಂಬ ಹೊತ್ತು. ಆಮೇಲೆ ಅದಕ್ಕೆ ಬೆನ್ನು ಹಾಕಿ, ಮಗನ ಮುಂದೆ ಮಂಡಿಯೂರಿ, ಒಡೆದ ಗಂಟಲಲ್ಲಿ, "ಬಾ, ಅಪ್ಪ ಇದೀನಿ" ಎಂದ. ಮುಟ್ಟಲಿಲ್ಲ, ಅಂಗೈ ಚಾಚಿಕೊಂಡೇ ಇದ್ದ. ಚಚ್ಚುವುದು ನಿಂತಿತು. ಪುಟ್ಟ ತಾನಾಗಿಯೇ ಬಗ್ಗಿ ಆ ಅಂಗೈಯಲ್ಲಿ ಹಣೆಯಿಟ್ಟ.

"ಬಾ, ಅಪ್ಪ ಇದೀನಿ" ಎಂದ ಪುಟ್ಟ. ತಮ್ಮನದೇ ಗೊಗ್ಗರು ದನಿ, ನಡುವೆ ನುಂಗಿದ ಅಳುವೂ ಸೇರಿ.

ಈಗ ಅಂಗಡಿ ತೆರೆದಿದೆ. ಭಯವಾದಾಗೆಲ್ಲ ಪುಟ್ಟ ಅಪ್ಪನ ದನಿಯಲ್ಲೇ ಅಪ್ಪನನ್ನು ಕರೆಯುತ್ತಾನೆ. ತಮ್ಮ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡುತ್ತಾನೆ. ಅವಳ ದನಿ ಮತ್ತೆ ಕೇಳಿಸಿಲ್ಲ. ಮೊನ್ನೆ ಯಾರಿಗೋ ಸೋಪು ಹಚ್ಚುತ್ತಿದ್ದವನು, ನನ್ನ ಕಡೆ ತಿರುಗದೆಯೇ, "ಅಕ್ಕ, ಅವಳು ಹೋದಳಲ್ವಾ?" ಎಂದು ಕೇಳಿದ.

"ಹೂಂ ಕಣೋ, ಹೋದಳು" ಎಂದೆ. ಬ್ರಷ್ ಹಿಡಿದುಕೊಂಡೇ, ಗಿರಾಕಿಯ ಎದುರಲ್ಲೇ, ಗೋಳೋ ಎಂದು ಅತ್ತ.